ಒಂಟಿ ಅಣು ಬೇಡ, ಜೋಡಿ ಹುಡುಕಿ: ಡೇಟಾಬೇಸ್‌ನಲ್ಲಿ ಕೈರಲ್ ಔಷಧಿಯ ಬೇಟೆ

ಪ್ರಶ್ನೆ: ನಾನು ಔಷಧ ರಸಾಯನಶಾಸ್ತ್ರದ ವಿದ್ಯಾರ್ಥಿ. ಒಂದು ಕೈನೇಸ್ ಪ್ರೋಟೀನನ್ನು (ಬೇರೆ ಅಣುಗಳಿಗೆ ಫಾಸ್ಫೇಟ್ ಅಂಟಿಸುವ ಕಿಣ್ವ) ಗುರಿಯಾಗಿ ಇಟ್ಟುಕೊಂಡು, ಅಣುಗಳ ಪರೀಕ್ಷೆಯ ಫಲಿತಾಂಶ ಸಂಗ್ರಹಿಸಿಡುವ ಕೆಂಬಲ್ ಡೇಟಾಬೇಸ್‌ನಿಂದ ಅಣುಗಳನ್ನು ಇಳಿಸಿಕೊಂಡೆ. ಕೈರಲ್ ಕೇಂದ್ರ, ಅಂದರೆ ಅಣುವಿಗೆ ಎಡ-ಬಲ ಎಂಬ ಎರಡು ಕನ್ನಡಿ ರೂಪ ಕೊಡುವ ಪರಮಾಣು, ಇರುವವನ್ನು ಮಾತ್ರ ಉಳಿಸಿಕೊಂಡೆ. ಎಡವೋ ಬಲವೋ ಎಂದು ನಮೂದಾಗದ ಕಡೆ ಆರ್‌ಡಿಕಿಟ್ ಎಂಬ ಸಾಫ್ಟ್‌ವೇರ್ ಬಳಸಿ ಸಾಧ್ಯವಿರುವ ಎಲ್ಲ ರೂಪಗಳನ್ನೂ ಬರೆಸಿ ಡಾಕಿಂಗ್ ಮಾಡಿದೆ, ಅಂದರೆ ಅಣು ಪ್ರೋಟೀನಿನಲ್ಲಿ ಹೇಗೆ ಕೂರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸಿದೆ. ಈಗ ಸ್ಕೋರ್ ಚೆನ್ನಾಗಿರುವ 50 ಅಣುಗಳ ಪಟ್ಟಿ ಕೈಯಲ್ಲಿದೆ. ಇವುಗಳಲ್ಲಿ ನಿಜವಾಗಿ ಭರವಸೆ ಇಡಬಹುದಾದವು ಯಾವುವು ಎಂದು ಹೇಗೆ ತೀರ್ಮಾನಿಸಲಿ? ಆರ್, ಎಸ್ ಎಂದು ಕರೆಯುವ ಎರಡು ಕನ್ನಡಿ ರೂಪಗಳಲ್ಲಿ ಆರ್ ರೂಪಕ್ಕೆ ಎಸ್ ರೂಪಕ್ಕಿಂತ ಸ್ಕೋರ್ ಸ್ವಲ್ಪ ಚೆನ್ನಾಗಿದ್ದರೆ ಆರ್ ಅನ್ನೇ ಆರಿಸಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಬೇಡ. ಡಾಕಿಂಗ್ ಸ್ಕೋರಿನ ಸಣ್ಣ ವ್ಯತ್ಯಾಸ ನೋಡಿ ಎಡ-ಬಲ ತೀರ್ಮಾನಿಸಬೇಡಿ. ಆ 50ರ ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ನೀವು ಮೊದಲು ಇಳಿಸಿಕೊಂಡ ಮೂಲ ಪಟ್ಟಿಗೆ ವಾಪಸ್ ಹೋಗಿ. ಅಲ್ಲಿ ಒಂಟಿ ಅಣುಗಳನ್ನು ಹುಡುಕುವ ಬದಲು ಜೋಡಿಗಳನ್ನು ಹುಡುಕಿ. ಒಂದೇ ಅಣುವಿನ ಎರಡೂ ಕನ್ನಡಿ ರೂಪಗಳನ್ನು ಒಂದೇ ಲ್ಯಾಬಿನಲ್ಲಿ, ಒಂದೇ ಪರೀಕ್ಷೆಯಲ್ಲಿ ಅಳೆದು ಎರಡೂ ಸಂಖ್ಯೆಗಳನ್ನು ಬರೆದಿಟ್ಟಿರುತ್ತಾರಲ್ಲ, ಅಂಥವು. ಕೈರಲ್ ಔಷಧಿಯ ಹುಡುಕಾಟದಲ್ಲಿ ಇದಕ್ಕಿಂತ ಬೆಲೆಯುಳ್ಳ ಮಾಹಿತಿ ಇನ್ನೊಂದಿಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಎಂದು ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಕನ್ನಡಿ ರೂಪಗಳು ಎಡಗೈ-ಬಲಗೈ ಇದ್ದ ಹಾಗೆ, ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ ಎನ್ನುವ ಹೋಲಿಕೆ ನಿಮಗೆ ಗೊತ್ತೇ ಇರುತ್ತದೆ, ಅದನ್ನು ಮತ್ತೆ ಹೇಳುವುದಿಲ್ಲ. ಆದರೆ ಒಂದು ಮಾತು ಮುಖ್ಯ. ಕನ್ನಡಿ ರೂಪಗಳಲ್ಲಿ ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂದು ಎಲ್ಲರೂ ಕಲಿತಿರುತ್ತೇವೆ. ನಿಜ ಅಷ್ಟು ಸರಳ ಇಲ್ಲ. ಡೆಕ್ಸ್ಟ್ರೋಪ್ರೊಪಾಕ್ಸಿಫೀನ್ ನೋವಿನ ಔಷಧಿಯಾಗಿ ಡಾರ್ವಾನ್ ಎಂಬ ಹೆಸರಿನಲ್ಲಿ ಬಂತು. ಅದರ ಕನ್ನಡಿ ರೂಪ ಕೆಮ್ಮಿನ ಔಷಧಿಯಾಯಿತು, ಅದಕ್ಕೆ ಇಟ್ಟ ಹೆಸರು ನೋವ್ರಾಡ್. ಇಂಗ್ಲಿಷ್ ಅಕ್ಷರಗಳಲ್ಲಿ ಒಂದರ ಹೆಸರನ್ನು ಹಿಂದುಮುಂದಾಗಿ ಓದಿದರೆ ಇನ್ನೊಂದು ಸಿಗುತ್ತದೆ. ಡೆಕ್ಸ್ಟ್ರೋಮೆಥಾರ್ಫಾನ್ ಕೆಮ್ಮಿಗೆ ಕೊಡುವ ಔಷಧಿ, ಅದರ ಕನ್ನಡಿ ರೂಪ ಲೆವೊಮೆಥಾರ್ಫಾನ್ ಬಲವಾದ ಓಪಿಯಾಯ್ಡ್, ಅಂದರೆ ಅಫೀಮಿನ ಥರ ಕೆಲಸ ಮಾಡುವ ಔಷಧಿ. ಹೃದಯಕ್ಕೆ ಕೊಡುವ ಪ್ರೊಪ್ರನಲಾಲ್‌ನಲ್ಲಿ ಬೀಟಾ ಗ್ರಾಹಕವನ್ನು ತಡೆಯುವ ಕೆಲಸ ಬಹುಪಾಲು ಎಸ್ ರೂಪದ್ದೇ. ಹೀಗೆ ಎರಡನೇ ರೂಪ ಸುಮ್ನೆ ಕೂರಬಹುದು, ಬೇರೆ ಕೆಲಸ ಮಾಡಬಹುದು, ತೊಂದರೆ ಕೊಡಬಹುದು, ಅಥವಾ ಅದೇ ಕೆಲಸವನ್ನು ಅಷ್ಟೇ ಚೆನ್ನಾಗಿ ಮಾಡಬಹುದು. ಇದನ್ನು ಊಹಿಸಲು ಆಗುವುದಿಲ್ಲ, ಅಳೆಯಲೇಬೇಕು. ಯಾರಾದರೂ ಈಗಾಗಲೇ ಅಳೆದಿದ್ದರೆ ಅದು ನಿಮಗೆ ಸಿಕ್ಕ ನಿಧಿ.

ಈಗ ನಿಮ್ಮ ಕೆಲಸದಲ್ಲಿ ನನಗೆ ಜಾಸ್ತಿ ಚಿಂತೆ ತಂದ ಹೆಜ್ಜೆಗೆ ಬರೋಣ. ನಮೂದಾಗದ ಕಡೆ ಎಲ್ಲ ರೂಪಗಳನ್ನೂ ಬರೆಸಿದೆ ಅಂದಿರಲ್ಲ, ಅದು.

ಡೇಟಾಬೇಸ್‌ನಲ್ಲಿ ಕೈರಲ್ ಇಂಗಾಲವೊಂದನ್ನು ಎಡ-ಬಲ ಗುರುತಿಲ್ಲದೆ, ಚಪ್ಪಟೆಯಾಗಿ ಬರೆದಿದ್ದರೆ ಅದಕ್ಕೆ ಮೂರು ಅರ್ಥ ಇರಬಹುದು. ಪರೀಕ್ಷೆ ಮಾಡಿದ್ದು ಎರಡೂ ರೂಪ ಸಮನಾಗಿ ಬೆರೆತ ರೇಸಿಮಿಕ್ ಮಿಶ್ರಣ ಆಗಿರಬಹುದು. ಒಂದೇ ಶುದ್ಧ ರೂಪ ಆಗಿದ್ದು, ಯಾವುದೆಂದು ಲ್ಯಾಬಿನವರಿಗೇ ಗೊತ್ತಿಲ್ಲದೆ ಇರಬಹುದು. ಇಲ್ಲವೇ ಪ್ರಬಂಧದಲ್ಲಿ ಸರಿಯಾಗಿಯೇ ಇದ್ದ ಗುರುತು ಟೈಪ್ ಮಾಡುವಾಗ ಬಿದ್ದುಹೋಗಿರಬಹುದು. ಮೂರೂ ಸಂದರ್ಭದಲ್ಲಿ ನಿಮಗೆ ಕಾಣುವ ಸಾಲು ಒಂದೇ ಥರ ಇರುತ್ತದೆ. ನೀವು ಅದರಿಂದ ಆರ್ ಮತ್ತು ಎಸ್ ಎಂದು ಎರಡು ಸಾಲು ಮಾಡಿ, ಅಳತೆಯ ಸಂಖ್ಯೆಯನ್ನು ಎರಡಕ್ಕೂ ಅಂಟಿಸಿದಿರಿ ಅಂದುಕೊಳ್ಳಿ. ಯಾರೂ ಮಾಡದ ಎರಡು ಪ್ರಯೋಗಗಳ ಫಲಿತಾಂಶ ನಿಮ್ಮ ಕೋಷ್ಟಕದಲ್ಲಿ ಹುಟ್ಟಿಕೊಂಡಂತೆ ಆಯಿತು. ನಾಲ್ಕು ಕೇಂದ್ರ ಇದ್ದರೆ ಒಂದು ಸಾಲು 16 ಆಗುತ್ತದೆ! ಹೀಗೆ ರೂಪಗಳನ್ನು ಬರೆಸುವುದು ಡಾಕಿಂಗ್‌ಗೆ ಬೇಕಾದ ಹೆಜ್ಜೆ, ಅದರಲ್ಲಿ ತಪ್ಪಿಲ್ಲ. ಆದರೆ ಅಳೆದ ಸಂಖ್ಯೆ ಮೂಲ ಸಾಲಿನ ಜೊತೆಗೇ ಇರಬೇಕು, ಹೊಸದಾಗಿ ಹುಟ್ಟಿದ ಸಾಲುಗಳಿಗೆ ಹೋಗಬಾರದು.

ಇದಕ್ಕಿಂತ ಮೋಸದ ಇನ್ನೊಂದು ಸಂಗತಿ ಇದೆ. ಎರಡು ಕೇಂದ್ರ ಇರುವ ಅಣುವನ್ನು ಟ್ರಾನ್ಸ್ ರೂಪದಲ್ಲಿ (ಎರಡು ಗುಂಪುಗಳು ವಿರುದ್ಧ ಬದಿಗಳಲ್ಲಿ), ಆದರೆ ರೇಸಿಮಿಕ್ ಆಗಿ ಮಾಡಿರುತ್ತಾರೆ. ಅದನ್ನು ಚಿತ್ರದಲ್ಲಿ ತೋರಿಸಲು ಗಟ್ಟಿ ಗೆರೆ, ಚುಕ್ಕಿ ಗೆರೆ ಹಾಕಲೇಬೇಕು, ಇಲ್ಲದಿದ್ದರೆ ಟ್ರಾನ್ಸ್ ಎಂದು ಗೊತ್ತಾಗುವುದಿಲ್ಲ. ಆದರೆ ಹಾಗೆ ಹಾಕಿದ ಕೂಡಲೇ ಅದು ಒಂದೇ ಶುದ್ಧ ರೂಪದ ಹಾಗೆ ಕಾಣುತ್ತದೆ! ಅಣುವಿನ ರಚನೆ ಬರೆದಿಡುವ ಹಳೆಯ ಮೋಲ್‌ಫೈಲ್‌ನಲ್ಲಿ ಇದನ್ನು ಹೇಳಲು ಇಡೀ ಅಣುವಿಗೆ ಒಂದೇ ಒಂದು ಕೈರಲ್ ಗುರುತು ಇತ್ತು, ಅದನ್ನು ಸರಿಯಾಗಿ ಬಳಸುವವರು ಕಡಿಮೆ. ಹೊಸ ವಿ3000 ರೂಪದಲ್ಲಿ 'ಇದು ಖಚಿತ', 'ಎರಡೂ ಬೆರೆತಿವೆ', 'ಎರಡರಲ್ಲಿ ಒಂದು, ಯಾವುದೆಂದು ಗೊತ್ತಿಲ್ಲ' ಎಂದು ಪ್ರತಿ ಕೇಂದ್ರಕ್ಕೂ ಬೇರೆ ಬೇರೆ ಹೇಳಬಹುದು. ಅಣುವಿನ ರಚನೆಯನ್ನು ಪದರ ಪದರವಾಗಿ ಒಂದೇ ಸಾಲಿನಲ್ಲಿ ಬರೆಯುವ ಸ್ಟ್ಯಾಂಡರ್ಡ್ ಇಂಚಿಯಲ್ಲಿ ಈ ಮಾತಿಗೆ ಜಾಗವೇ ಇಲ್ಲ, ಗೆರೆ ಹೇಗಿದೆಯೋ ಅದೇ ಖಚಿತ ಎಂದು ಅದು ತೆಗೆದುಕೊಳ್ಳುತ್ತದೆ. ಆದ್ದರಿಂದ ಗುರುತು ಇದೆ ಎಂದ ಮಾತ್ರಕ್ಕೆ ಶುದ್ಧ ರೂಪ ಎಂದು ನಂಬಬೇಡಿ. ಮುಖ್ಯ ಅನಿಸಿದ ಅಣುವಿಗೆ ಮೂಲ ಪ್ರಬಂಧ ತೆರೆದು, ಹೆಸರಿನ ಹಿಂದೆ ರೇಸಿಮಿಕ್ ಎನ್ನುವ ಗುರುತು ಇದೆಯಾ, ಎರಡು ರೂಪಗಳನ್ನು ಬೇರ್ಪಡಿಸಿದ ಬಗ್ಗೆ ಏನಾದರೂ ಬರೆದಿದ್ದಾರಾ ಎಂದು ನೋಡಲೇಬೇಕು. ಇದಕ್ಕೆ ಅಡ್ಡದಾರಿ ಇಲ್ಲ.

ಜೋಡಿ ಹುಡುಕುವುದು ಹೇಗೆ? ಇದಕ್ಕೆ ಇಂಚಿಯಿಂದ ಮಾಡಿದ ಚಿಕ್ಕ ರೂಪ ಇಂಚಿ ಕೀ ತುಂಬಾ ಸಹಾಯ ಮಾಡುತ್ತದೆ. ಅದು ಅಡ್ಡಗೆರೆಗಳೂ ಸೇರಿ 27 ಅಕ್ಷರಗಳ ಗುರುತು. ಮೊದಲ 14 ಅಕ್ಷರಗಳು ಯಾವ ಪರಮಾಣು ಯಾವುದಕ್ಕೆ ಅಂಟಿದೆ ಎನ್ನುವ ಅಸ್ಥಿಪಂಜರವನ್ನು ಹೇಳುತ್ತವೆ. ಎಡ-ಬಲ ಮಾಹಿತಿ ಎರಡನೇ ತುಂಡಿನಲ್ಲಿ ಇರುತ್ತದೆ. ಅಂದರೆ ಒಂದೇ ಅಣುವಿನ ಆರ್ ರೂಪ, ಎಸ್ ರೂಪ, ಚಪ್ಪಟೆ ರೂಪ ಮೂರಕ್ಕೂ ಮೊದಲ 14 ಅಕ್ಷರ ಒಂದೇ. ನಿಮ್ಮ ಕೋಷ್ಟಕವನ್ನು ಆ 14 ಅಕ್ಷರಗಳ ಮೇಲೆ ಗುಂಪು ಮಾಡಿ. ಒಂದಕ್ಕಿಂತ ಜಾಸ್ತಿ ಎರಡನೇ ತುಂಡು ಇರುವ ಗುಂಪುಗಳನ್ನು ಉಳಿಸಿಕೊಳ್ಳಿ. ಎರಡನೇ ತುಂಡು ಯು, ಎಚ್, ಎಫ್, ಎಫ್, ಎಫ್, ಎ, ಒ, ವೈ, ಎಸ್, ಎ ಎಂದಿದ್ದರೆ ಅಲ್ಲಿ ಎಡ-ಬಲದ ಮಾಹಿತಿ ಏನೂ ಇಲ್ಲ ಎಂದರ್ಥ. ಕಣ್ಣಿಗೆ ಒಮ್ಮೆ ರೂಢಿಯಾದರೆ ಪಟ್ಟಿಯ ಮೇಲೆ ಕಣ್ಣಾಡಿಸುತ್ತಲೇ ಚಪ್ಪಟೆ ಅಣುಗಳು ಗೊತ್ತಾಗುತ್ತವೆ.

ಗುಂಪು ಮಾಡುವ ಮೊದಲು ಲವಣದ ಭಾಗ ತೆಗೆದುಬಿಡಿ. ಹೈಡ್ರೋಕ್ಲೋರೈಡ್ ಅಂಟಿಕೊಂಡಿದ್ದರೆ ಮೊದಲ ತುಂಡೇ ಬದಲಾಗಿ ಜೋಡಿ ಕೈತಪ್ಪುತ್ತದೆ. ಡ್ಯೂಟೀರಿಯಂ (ಭಾರದ ಜಲಜನಕ) ಹಾಕಿದ ಅಣುಗಳೂ, ಜೋಡಿಬಂಧದ ಆಚೀಚೆ ಬದಲಾದವೂ ಎರಡನೇ ತುಂಡಿನಲ್ಲೇ ವ್ಯತ್ಯಾಸ ತೋರಿಸುತ್ತವೆ, ಅವನ್ನು ಬೇರೆ ಇಡಿ. ಉಳಿದವುಗಳಲ್ಲಿ ನಿಜವಾದ ಕನ್ನಡಿ ಜೋಡಿ ಯಾವುದು, ಕೆಲವು ಕೇಂದ್ರ ಮಾತ್ರ ಬದಲಾದ ಡಯಾಸ್ಟಿರಿಯೋಮರ್ ಯಾವುದು ಎಂದು ತಿಳಿಯಲು ಪೂರ್ತಿ ಇಂಚಿ ನೋಡಿ. ಕನ್ನಡಿ ಜೋಡಿಯಲ್ಲಿ 'ಟಿ' ಪದರ ಒಂದೇ ಇದ್ದು 'ಎಂ' ಪದರ ಮಾತ್ರ ಒಂದರಲ್ಲಿ 0, ಇನ್ನೊಂದರಲ್ಲಿ 1 ಇರುತ್ತದೆ. ಆಮೇಲೆ ಪ್ರಬಂಧದ ಗುರುತು ಸಂಖ್ಯೆ ಮತ್ತು ಪರೀಕ್ಷೆಯ ಗುರುತು ಸಂಖ್ಯೆ ಎರಡೂ ಒಂದೇ ಇರುವ ಜೋಡಿಗಳನ್ನು ಮಾತ್ರ ಇಟ್ಟುಕೊಳ್ಳಿ. ಇಲ್ಲಿ ಸಡಿಲ ಬಿಡಬೇಡಿ. ಆರ್ ರೂಪವನ್ನು ಒಂದು ಲ್ಯಾಬ್, ಎಸ್ ರೂಪವನ್ನು ಇನ್ನೊಂದು ಲ್ಯಾಬ್ ಅಳೆದಿದ್ದರೆ ನೀವು ಹೋಲಿಸುತ್ತಿರುವುದು ಲ್ಯಾಬ್‌ಗಳನ್ನೇ ಆಗಿರಬಹುದು.

ನಿಮ್ಮ ಸಾವಿರಾರು ಸಾಲುಗಳು ಇಷ್ಟಾದ ಮೇಲೆ ಕೆಲವೇ ಜೋಡಿಗಳಿಗೆ ಇಳಿಯುತ್ತವೆ. ಬೇಸರ ಮಾಡಿಕೊಳ್ಳಬೇಡಿ, ಗಟ್ಟಿ ಕಾಳು ಅವೇ.

ಪ್ರತಿ ಜೋಡಿಯಲ್ಲೂ ಬಲವಾದ ರೂಪಕ್ಕೆ ಯೂಟೋಮರ್, ದುರ್ಬಲ ರೂಪಕ್ಕೆ ಡಿಸ್ಟೋಮರ್ ಎನ್ನುತ್ತಾರೆ. ಎರಡರ ಶಕ್ತಿಯ ಅನುಪಾತವೇ ಯೂಡಿಸ್ಮಿಕ್ ಅನುಪಾತ. ಎಸ್ ರೂಪ 10 ನ್ಯಾನೋಮೋಲಾರ್ ಸಾಂದ್ರತೆಯಲ್ಲಿ ಅರ್ಧ ತಡೆ ಒಡ್ಡುತ್ತದೆ, ಆರ್ ರೂಪಕ್ಕೆ 1000 ಬೇಕು ಅಂದರೆ ಅನುಪಾತ 100 (ಸಂಖ್ಯೆ ಚಿಕ್ಕದಾದಷ್ಟೂ ಅಣು ಬಲವಾದದ್ದು). ಇಂಥ ಜೋಡಿ ಸಿಕ್ಕರೆ ನಿಮಗೆ ಅಣುವಿನ ಬಗ್ಗೆ ಮಾತ್ರ ಅಲ್ಲ, ಪ್ರೋಟೀನಿನ ಬಗ್ಗೆಯೂ ತಿಳಿಯುತ್ತದೆ: ಆ ಇಂಗಾಲದ ಸುತ್ತಲಿನ ಗುಂಪುಗಳು ನಿಜವಾಗಿ ಪಾಕೆಟ್‌ನ (ಪ್ರೋಟೀನಿನಲ್ಲಿ ಅಣು ಕೂರುವ ಗುಳಿಯ) ಗೋಡೆಗಳನ್ನು ಮುಟ್ಟುತ್ತಿವೆ, ಕೆಲಸ ನಡೆಯುತ್ತಿರುವುದು ನಿರ್ದಿಷ್ಟವಾದ ಹೊಂದಾಣಿಕೆಯಿಂದ. ಜಿಡ್ಡಿನ ಹಾಗೆ ಎಲ್ಲಕ್ಕೂ ಅಂಟಿಕೊಂಡು, ಅಥವಾ ಗುಂಪುಗಟ್ಟಿ ಪ್ರೋಟೀನನ್ನು ಹಾಳುಮಾಡಿ ಸುಳ್ಳು ಫಲಿತಾಂಶ ಕೊಡುವ ಅಣುಗಳಿವೆಯಲ್ಲ, ಅವು ಸಾಮಾನ್ಯವಾಗಿ ಎಡ-ಬಲಕ್ಕೆ ತಲೆಕೆಡಿಸಿಕೊಳ್ಳುವುದಿಲ್ಲ. ಅದಕ್ಕೇ ನಾನು 5 ನ್ಯಾನೋಮೋಲಾರ್‌ನ ಒಂಟಿ ಅಣುವಿಗಿಂತ, 100 ನ್ಯಾನೋಮೋಲಾರ್ ಇದ್ದರೂ ಡಿಸ್ಟೋಮರ್ ಪೂರ್ತಿ ಸತ್ತಿರುವ ಜೋಡಿಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ಶಕ್ತಿಯನ್ನು ಆಮೇಲೆ ಹೆಚ್ಚಿಸಬಹುದು. ಅಣು ಅಲ್ಲಿ ಕೂರುತ್ತಿರುವುದು ನಿಜ ಎನ್ನುವ ಧೈರ್ಯ ಆಮೇಲೆ ಸುಲಭವಾಗಿ ಸಿಗುವುದಿಲ್ಲ. ಇನ್ನೂ ಒಂದು ಲಾಭ ಇದೆ. ಮುಂದೆ ಜೀವಕೋಶದಲ್ಲಿ ಪರೀಕ್ಷೆ ಮಾಡುವಾಗ ಡಿಸ್ಟೋಮರ್ ಅತ್ಯುತ್ತಮ ಹೋಲಿಕೆಯ ಮಾದರಿ. ತೂಕ ಅದೇ, ಕರಗುವ ಗುಣ ಅದೇ, ಗುರಿಗೆ ಮಾತ್ರ ಕೂರುವುದಿಲ್ಲ.

1956ರಲ್ಲಿ ಕಾರ್ಲ್ ಫೈಫರ್ ಒಂದು ಗಮನಿಕೆ ಪ್ರಕಟಿಸಿದರು. ಕಡಿಮೆ ಪ್ರಮಾಣದಲ್ಲೇ ಕೆಲಸ ಮಾಡುವ ಔಷಧಿಗಳಲ್ಲಿ ಎರಡು ರೂಪಗಳ ನಡುವಿನ ಅಂತರವೂ ಜಾಸ್ತಿ ಎನ್ನುವುದು ಅದರ ಸಾರ. ಇದಕ್ಕೆ ಅಪವಾದಗಳಿವೆ, ಮುಖ್ಯವಾಗಿ ಕೈರಲ್ ಕೇಂದ್ರ ಪಾಕೆಟ್‌ನಿಂದ ಆಚೆ ನೀರಿನ ಕಡೆ ಚಾಚಿಕೊಂಡಿದ್ದಾಗ. ಆದರೂ ತುಂಬಾ ಶಕ್ತಿಯುತ ಅಣುವಿನ ಎರಡೂ ರೂಪ ಸಮ ಅಂತ ಕಂಡರೆ ನಿಂತು ಯೋಚಿಸಿ. ಕೇಂದ್ರ ಹೊರಗಿದೆಯಾ? ದ್ರಾವಣದಲ್ಲೇ ಒಂದು ರೂಪ ಇನ್ನೊಂದಾಗಿ ತಿರುಗುತ್ತಿದೆಯಾ? ಅಥವಾ ನಮೂದೇ ತಪ್ಪಾ?

ಶುದ್ಧತೆಯ ಬಗ್ಗೆ ಒಂದು ಲೆಕ್ಕ ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಇದನ್ನು ಮರೆಯುವವರೇ ಹೆಚ್ಚು. ಡಿಸ್ಟೋಮರ್ ಎಂದು ಕರೆದ ಪುಡಿಯಲ್ಲಿ ಶೇ. 1ರಷ್ಟು ಯೂಟೋಮರ್ ಬೆರೆತಿದೆ ಅನ್ನಿ. ಡಿಸ್ಟೋಮರ್ ಸ್ವತಃ ಏನೂ ಮಾಡದಿದ್ದರೂ ಆ ಒಂದು ಪಾಲು ಕೆಲಸ ಮಾಡಿ, ಅದು ನೂರು ಪಟ್ಟು ದುರ್ಬಲ ಔಷಧಿಯ ಹಾಗೆ ಕಾಣುತ್ತದೆ. ಅಂದರೆ 100 ಎನ್ನುವ ಅನುಪಾತ ನಿಜವಾಗಿ 100 ಇರಬಹುದು, 5000 ಕೂಡ ಇರಬಹುದು. ಪ್ರಬಂಧದಲ್ಲಿ ಶೇ. 98 ಎನಾನ್ಷಿಯೋಮೆರಿಕ್ ಎಕ್ಸೆಸ್ (ಒಂದು ರೂಪ ಇನ್ನೊಂದಕ್ಕಿಂತ ಎಷ್ಟು ಹೆಚ್ಚಿದೆ ಎನ್ನುವ ಅಳತೆ) ಎಂದು ಬರೆದಿದ್ದರೆ ಅದರರ್ಥ 99ಕ್ಕೆ 1, ಆ ಮಟ್ಟದ ಶುದ್ಧತೆಯಲ್ಲಿ ಸುಮಾರು 100ಕ್ಕಿಂತ ದೊಡ್ಡ ಅನುಪಾತವನ್ನು ಅಳೆಯಲು ಸಾಧ್ಯವೇ ಇಲ್ಲ.

ಕೆಲವು ಗುಂಪುಗಳಲ್ಲಿ ಆರ್, ಎಸ್ ಜೊತೆಗೆ ರೇಸಿಮಿಕ್ ಮಿಶ್ರಣದ ಅಳತೆಯೂ ಇರುತ್ತದೆ. ಇವು ಸಿಕ್ಕರೆ ಬಿಡಬೇಡಿ, ಯಾಕೆಂದರೆ ಲೆಕ್ಕ ತಾಳೆ ನೋಡಬಹುದು. ಎಸ್ 10, ಆರ್ 1000 ಇದ್ದರೆ ಮಿಶ್ರಣ ಸುಮಾರು 20 ಬರಬೇಕು, ಅರ್ಧ ಪುಡಿ ಕೆಲಸಕ್ಕೆ ಬಾರದ್ದು ಅಲ್ವಾ. ಮಿಶ್ರಣಕ್ಕೆ 2 ಎಂದೋ 300 ಎಂದೋ ಬರೆದಿದ್ದರೆ ಎಲ್ಲೋ ಎಡವಟ್ಟಾಗಿದೆ. ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಮಿಶ್ರಣದ ಸಂಖ್ಯೆ ಮಾತ್ರ ಗೊತ್ತಿದ್ದರೆ, ಶುದ್ಧ ರೂಪ ಅದಕ್ಕಿಂತ ಹೆಚ್ಚೆಂದರೆ ಎರಡು ಪಟ್ಟು ಚೆನ್ನಾಗಿರಬಹುದು ಅಷ್ಟೇ. ಎರಡು ಪಟ್ಟಿನ ವ್ಯತ್ಯಾಸ ಲ್ಯಾಬಿನಿಂದ ಲ್ಯಾಬಿಗೆ ಸುಮ್ನೆ ಬರುವ ಏರುಪೇರಿನಲ್ಲೇ ಮುಳುಗಿಹೋಗುತ್ತದೆ. ರೂಪ ಬೇರ್ಪಡಿಸಿದರೆ ಅಣು ನೂರು ಪಟ್ಟು ಬಲವಾಗುತ್ತದೆ ಎಂದು ಕನಸು ಕಾಣುವವರಿಗೆ ಈ ಗಣಿತ ಹೇಳಲೇಬೇಕು. ಬೇರ್ಪಡಿಸುವುದರ ಲಾಭ ಬೇರೆ ಕಡೆ ಇದೆ: ಅಡ್ಡಪರಿಣಾಮ, ದೇಹದಲ್ಲಿ ಔಷಧಿ ಉಳಿಯುವ ಹೊತ್ತು, ಅನಗತ್ಯ ಹೊರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1992ರಲ್ಲಿ ಹೊರಡಿಸಿದ ನೀತಿಯೂ ಪ್ರತಿ ರೂಪದ ಗುಣವನ್ನು ತಿಳಿದುಕೊಳ್ಳಿ ಎನ್ನುತ್ತದೆ. ರೇಸಿಮಿಕ್ ಔಷಧಿಯನ್ನು ಅದು ಪೂರ್ತಿ ನಿಷೇಧಿಸಲಿಲ್ಲ.

ಹೋಲಿಕೆಯ ಹುಡುಕಾಟ ಮಾಡುವಾಗ ಇನ್ನೊಂದು ಕಡೆ ಕಾಲು ಜಾರುತ್ತದೆ. ಆರ್‌ಡಿಕಿಟ್‌ನಲ್ಲಿ ಮಾರ್ಗನ್ ಫಿಂಗರ್‌ಪ್ರಿಂಟ್ (ಅಣುವಿನ ತುಂಡುಗಳನ್ನು ಸಂಖ್ಯೆಗಳಾಗಿ ಬರೆದ ಗುರುತು) ತೆಗೆದರೆ, ನೀವಾಗಿ ಹೇಳದ ಹೊರತು ಅದು ಎಡ-ಬಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕನ್ನಡಿ ಜೋಡಿಯ ಹೋಲಿಕೆ ಅಂಕ ಸರಿಯಾಗಿ 1 ಬರುತ್ತದೆ, ಅಂದರೆ ಯಂತ್ರದ ಪಾಲಿಗೆ ಎರಡೂ ಒಂದೇ. ಅಣುವಿನ ತುಂಡು ಹುಡುಕುವಾಗಲೂ ಅಷ್ಟೇ, ಕೈರಾಲಿಟಿಯ ಆಯ್ಕೆಯನ್ನು ನೀವೇ ಚಾಲೂ ಮಾಡಬೇಕು. ಇಂಥ ಫಿಂಗರ್‌ಪ್ರಿಂಟ್ ಮೇಲೆ ಕಲಿಸಿದ ಮೆಷಿನ್ ಲರ್ನಿಂಗ್ ಮಾದರಿ 10 ಮತ್ತು 1000ಕ್ಕೆ ನಡುವಿನ ಯಾವುದೋ ಒಂದು ಸಂಖ್ಯೆಯನ್ನು ಎರಡೂ ರೂಪಕ್ಕೆ ಹೇಳುತ್ತದೆ, ಎರಡೂ ಕಡೆ ತಪ್ಪು. ನೀವು ಅಂಥ ಮಾದರಿ ಕಟ್ಟುವುದಾದರೆ ನಿಮ್ಮ ಜೋಡಿಗಳನ್ನು ಪರೀಕ್ಷೆಗೆ ಬೇರೆ ಎತ್ತಿಡಿ. ಮಾದರಿಗೆ ಎಡ-ಬಲ ಗೊತ್ತಿದೆಯೋ ಇಲ್ಲವೋ ಎನ್ನುವುದು ಅಲ್ಲಿ ಬಯಲಾಗುತ್ತದೆ.

ಇನ್ನು ಆರ್, ಎಸ್ ಎಂಬ ಹೆಸರುಗಳ ವಿಷಯ. ಇವು ಕಾನ್, ಇಂಗೋಲ್ಡ್, ಪ್ರೆಲಾಗ್ ಎಂಬ ಮೂವರ ನಿಯಮದಿಂದ ಬಂದ ಹಣೆಪಟ್ಟಿಗಳು, ಆಕಾರದ ಹೆಸರುಗಳಲ್ಲ. ಸುತ್ತಲಿನ ಗುಂಪುಗಳಿಗೆ ಪರಮಾಣು ಸಂಖ್ಯೆಯ ಪ್ರಕಾರ ಮೇಲು-ಕೆಳಗು ಕೊಟ್ಟು ಹೆಸರಿಡುತ್ತಾರೆ. ಪ್ರೋಟೀನುಗಳಲ್ಲಿನ ಎಲ್-ಅಮೈನೋ ಆಮ್ಲಗಳಲ್ಲಿ ಕೈರಲ್ ಆದವೆಲ್ಲ ಸಾಮಾನ್ಯವಾಗಿ ಎಸ್, ಸಿಸ್ಟೀನ್ ಮಾತ್ರ ಆರ್. ಅದರ ಆಕಾರ ಬೇರೆಯವುಗಳ ಹಾಗೇ ಇದೆ. ಪಕ್ಕದಲ್ಲಿ ಗಂಧಕ ಬಂದು ಸರದಿ ಬದಲಾಯಿಸಿತು ಅಷ್ಟೇ. ನಮ್ಮ ಲ್ಯಾಬಿನಲ್ಲಿ ಒಂದು ಸಾಲಿನ ಅಣುಗಳನ್ನು ಹೋಲಿಸುವಾಗ ಇದೇ ಆಯಿತು. ಆಮ್ಲಜನಕದ ಜಾಗಕ್ಕೆ ಗಂಧಕ ಬಂದ ಅಣುವಿನಲ್ಲಿ ಎಸ್ ಹೋಗಿ ಆರ್ ಎಂದು ಬಂತು, ಪ್ರೋಟೀನು ಈಗ ಇನ್ನೊಂದು ರೂಪವನ್ನು ಇಷ್ಟಪಡುತ್ತಿದೆ ಎಂದುಕೊಂಡು ಒಂದು ವಾರ ತಪ್ಪು ದಾರಿಯಲ್ಲಿ ನಡೆದಿದ್ದೆವು. ಆದ್ದರಿಂದ ಬೇರೆ ಬೇರೆ ಅಣುಗಳ ಹಣೆಪಟ್ಟಿ ಹೋಲಿಸಬೇಡಿ, ಮೂರು ಆಯಾಮದಲ್ಲಿ ಒಂದರ ಮೇಲೊಂದು ಇಟ್ಟು ನೋಡಿ. ಹಾಗೆಯೇ ಪ್ಲಸ್-ಮೈನಸ್ ಎನ್ನುವುದು ಬೆಳಕನ್ನು ಯಾವ ಕಡೆ ತಿರುಗಿಸುತ್ತದೆ ಎನ್ನುವ ಅಳತೆ, ಅದಕ್ಕೂ ಆರ್-ಎಸ್‌ಗೂ ನೇರ ಸಂಬಂಧ ಇಲ್ಲ. ಅಣುವನ್ನು ಅಕ್ಷರಗಳ ಒಂದು ಸಾಲಾಗಿ ಬರೆಯುವ ಸ್ಮೈಲ್ಸ್ ಬರಹದಲ್ಲಿ ಬರುವ @ ಮತ್ತು @@ ಕೂಡ ಬೇರೆಯೇ: ಪಕ್ಕದ ಪರಮಾಣುಗಳನ್ನು ಯಾವ ಕ್ರಮದಲ್ಲಿ ಬರೆದಿದ್ದಾರೆ ಎನ್ನುವುದರ ಮೇಲೆ ಅವು ನಿಂತಿವೆ. ಒಂದೇ ಅಣುವನ್ನು ಎರಡು ರೀತಿಯಲ್ಲೂ ಸರಿಯಾಗಿ ಬರೆಯಬಹುದು. ಕೈಯಿಂದ ಸ್ಮೈಲ್ಸ್ ತಿದ್ದಲು ಹೋಗಬೇಡಿ.

ಇಂಗಾಲ ಮಾತ್ರ ಎಣಿಸಿದರೆ ಕಣ್ಣಿಗೆ ಬೀಳದ ಕೈರಾಲಿಟಿಯೂ ಇದೆ. ನಾವು ಇಂಗಾಲ ಇಂಗಾಲ ಎನ್ನುತ್ತೇವೆ, ಆದರೆ ಒಮೆಪ್ರಜೋಲ್‌ನಲ್ಲಿ ಕೈರಲ್ ಆಗಿರುವುದು ಗಂಧಕ, ಅದರ ಎಸ್ ರೂಪವೇ ಎಸೊಮೆಪ್ರಜೋಲ್. ಹೆಪಟೈಟಿಸ್ ಸಿ ಔಷಧಿ ಸೊಫೊಸ್ಬುವಿರ್‌ನಲ್ಲಿ ಕೈರಲ್ ಇಂಗಾಲಗಳ ಜೊತೆ ಒಂದು ಕೈರಲ್ ರಂಜಕವೂ ಇದೆ. ಇನ್ನು ಎರಡು ಉಂಗುರಗಳ ನಡುವಿನ ಬಂಧ ಇಕ್ಕಟ್ಟಿನಿಂದ ತಿರುಗಲಾಗದೆ ಹುಟ್ಟುವ ಎಡ-ಬಲಕ್ಕೆ ಅಟ್ರೋಪ್ ಐಸೋಮರ್ ಎನ್ನುತ್ತಾರೆ. 2021ರಲ್ಲಿ ಒಪ್ಪಿಗೆ ಪಡೆದ ಕ್ಯಾನ್ಸರ್ ಔಷಧಿ ಸೊಟೊರಾಸಿಬ್ ಅಂಥದ್ದು. ಸಾಮಾನ್ಯ ಸ್ಮೈಲ್ಸ್‌ನಲ್ಲಿ ಇದನ್ನು ಬರೆಯುವ ದಾರಿ ಇಲ್ಲ, ಹಾಗಾಗಿ ಕೈರಲ್ ಇಂಗಾಲ ಎಣಿಸಿ ಸೋಸಿದರೆ ಇಂಥ ಅಣುಗಳ ಈ ಗುಣ ನಿಮ್ಮ ಜರಡಿಗೆ ಸಿಗುವುದೇ ಇಲ್ಲ. ಕೈನೇಸ್ ತಡೆಯುವ ಅಣುಗಳಲ್ಲಿ ಉಂಗುರಕ್ಕೆ ಉಂಗುರ ಅಂಟಿಕೊಂಡಿರುವುದು ತುಂಬಾ ಸಾಮಾನ್ಯ. ಬಂಧದ ಅಕ್ಕಪಕ್ಕ ಮೂರು ನಾಲ್ಕು ಗುಂಪು ಒತ್ತಿಕೊಂಡಿರುವ ಅಣು ಕಂಡರೆ ಕೈಯಾರೆ ಗುರುತು ಹಾಕಿಡಿ. ಇದಕ್ಕೆ ತದ್ವಿರುದ್ಧವಾಗಿ, ಮಾಮೂಲಿ ಅಮೈನಿನ ಸಾರಜನಕ ಕ್ಷಣಾರ್ಧದಲ್ಲಿ ಛತ್ರಿಯ ಹಾಗೆ ಒಳಹೊರಗಾಗುತ್ತದೆ, ಅದನ್ನು ಕೇಂದ್ರ ಎಂದು ಎಣಿಸಬೇಡಿ.

ನಿಮ್ಮ ಡಾಕಿಂಗ್ ವ್ಯರ್ಥವಾಗಲಿಲ್ಲ, ಆದರೆ ಅದರ ಕೆಲಸ ಬೇರೆ. ಸ್ಕೋರ್ ಅನ್ನುವುದು ಒರಟು ಅಂದಾಜು, ಅದರ ತಪ್ಪಿನ ಅಳತೆ ಎರಡು ಕನ್ನಡಿ ರೂಪಗಳ ನಡುವಿನ ಸ್ಕೋರಿನ ಅಂತರಕ್ಕಿಂತ ಸಾಮಾನ್ಯವಾಗಿ ದೊಡ್ಡದು. ಈಸನ್ ಮತ್ತು ಸ್ಟೆಡ್‌ಮನ್ 1933ರಲ್ಲೇ ಹೇಳಿದ ಮೂರು ಬಿಂದುಗಳ ಚಿತ್ರ ನೆನಪಿಸಿಕೊಳ್ಳಿ: ಒಂದು ರೂಪ ಮೂರು ಕಡೆ ಹಿಡಿದುಕೊಳ್ಳುತ್ತದೆ, ಇನ್ನೊಂದಕ್ಕೆ ಎರಡೇ ಕಡೆ ಸಿಗುತ್ತದೆ. ಡಾಕಿಂಗ್ ಪ್ರೋಗ್ರಾಂ ಡಿಸ್ಟೋಮರನ್ನು ಸ್ವಲ್ಪ ಸೊಟ್ಟ ಮಾಡಿ, ಬೇರೆ ಮೂಲೆಗೆ ತಿರುಗಿಸಿ ಹೇಗೋ ತುರುಕಿಬಿಡುತ್ತದೆ, ಸ್ಕೋರ್ ಹತ್ತಿರ ಹತ್ತಿರ ಬರುತ್ತದೆ. ಅದಕ್ಕೇ ಸ್ಕೋರ್ ಬಿಟ್ಟು ಕೂರುವ ಭಂಗಿಯನ್ನು ನೋಡಿ. ಅಳೆದ ಜೋಡಿ ಕೈಯಲ್ಲಿದ್ದರೆ ಡಾಕಿಂಗ್‌ಗೆ ಒಳ್ಳೆಯ ಪ್ರಶ್ನೆ ಕೇಳಬಹುದು: ಎಸ್ ರೂಪದ ಭಂಗಿಯಲ್ಲಿ ಯಾವ ಹಿಡಿತ ಇದೆ, ಆರ್ ರೂಪಕ್ಕೆ ಅದು ಯಾಕೆ ಸಿಗುವುದಿಲ್ಲ? ಉತ್ತರ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿದ್ದರೆ ಆ ಭಂಗಿಯನ್ನು ನಂಬಲು ಕಾರಣ ಸಿಕ್ಕಿತು. ಹೊಸ ಎಐ ಸಾಧನಗಳೂ ಇದರಲ್ಲಿ ಎಡವುತ್ತವೆ. ಪ್ರೋಟೀನಿನ ರಚನೆಯನ್ನೂ ಅದರಲ್ಲಿ ಅಣು ಕೂರುವ ಭಂಗಿಯನ್ನೂ ಊಹಿಸುವ, 2024ರಲ್ಲಿ ಬಂದ ಆಲ್ಫಾಫೋಲ್ಡ್ 3ರ ಪ್ರಬಂಧದಲ್ಲಿ, ಇಂಥ ಭಂಗಿಗಳನ್ನು ಒರೆಗೆ ಹಚ್ಚುವ ಪೋಸ್‌ಬಸ್ಟರ್ಸ್ ಪರೀಕ್ಷೆಯಲ್ಲಿ ಶೇ. 4.4ರಷ್ಟು ಸಲ ಅಣುವಿನ ಕೈರಾಲಿಟಿ ತಪ್ಪಾಗಿ ಬಂದಿದೆ ಎಂದು ಅದನ್ನು ಮಾಡಿದವರೇ ಬರೆದಿದ್ದಾರೆ. ನೀವು ಕೊಟ್ಟ ರೂಪವೇ ಹೊರಗೆ ಬಂತಾ ಎಂದು ಪ್ರತಿ ಫೈಲನ್ನೂ ಇಂಚಿ ಕೀ ಹೋಲಿಸಿ ನೋಡುವುದು ನಾಲ್ಕು ಸಾಲಿನ ಕೋಡ್. ದಯವಿಟ್ಟು ಬರೆದುಬಿಡಿ.

ಎಡ-ಬಲ ದೇಹದೊಳಗೆ ಉಳಿಯುತ್ತದಾ ಎಂದೂ ಕೇಳಿಕೊಳ್ಳಿ. ನಿದ್ರೆಗೂ ಗರ್ಭಿಣಿಯರ ವಾಕರಿಕೆಗೂ ಕೊಡುತ್ತಿದ್ದ ಥಾಲಿಡೊಮೈಡ್ ಕಥೆ ಎಲ್ಲರಿಗೂ ಗೊತ್ತು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂತು, 1961ರ ಕೊನೆಯಲ್ಲಿ ಹಿಂದಕ್ಕೆ ತೆಗೆದರು, ಅಷ್ಟರಲ್ಲಿ ಸಾವಿರಾರು ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದ್ದರು. ಆರ್ ರೂಪ ಮಾತ್ರ ಕೊಟ್ಟಿದ್ದರೆ ಇದು ಆಗುತ್ತಿರಲಿಲ್ಲ ಎಂದು ಈಗಲೂ ಪಾಠ ಹೇಳುತ್ತಾರೆ. ಇದು ನನಗೆ ನೋವು ಕೊಡುವ ತಪ್ಪು ಪಾಠ. ಆ ಕೇಂದ್ರದ ಜಲಜನಕ ಕಾರ್ಬೊನಿಲ್ (ಇಂಗಾಲ-ಆಮ್ಲಜನಕ ಜೋಡಿಬಂಧ) ಪಕ್ಕದಲ್ಲಿದ್ದು ಸುಲಭವಾಗಿ ಕಳಚುತ್ತದೆ, ದೇಹದಲ್ಲಿ ಕೆಲವೇ ಗಂಟೆಗಳಲ್ಲಿ ಒಂದು ರೂಪ ಇನ್ನೊಂದಾಗುತ್ತದೆ. ಶುದ್ಧ ರೂಪ ಕೊಟ್ಟಿದ್ದರೂ ಆ ತಾಯಂದಿರಿಗೆ ರಕ್ಷಣೆ ಸಿಗುತ್ತಿರಲಿಲ್ಲ. ಐಬುಪ್ರೊಫೇನ್‌ನಲ್ಲಿ ಇನ್ನೊಂದು ಥರ. ಅಲ್ಲಿ ಕೆಲಸಕ್ಕೆ ಬಾರದ ಆರ್ ರೂಪವನ್ನು ದೇಹದ ಕಿಣ್ವಗಳು ಸ್ವಲ್ಪ ಮಟ್ಟಿಗೆ ಎಸ್ ಆಗಿ ತಿರುಗಿಸುತ್ತವೆ, ಹಿಂದಕ್ಕೆ ತಿರುಗಿಸುವುದಿಲ್ಲ. ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಕೈರಲ್ ಇಂಗಾಲದ ಮೇಲೆ ಜಲಜನಕ ಇದ್ದು, ಅದರ ಪಕ್ಕದಲ್ಲೇ ಕಾರ್ಬೊನಿಲ್ ಇದ್ದು, ಇನ್ನೊಂದು ಕಡೆ ಉಂಗುರವೋ ಸಾರಜನಕವೋ ಇದ್ದರೆ ಎಚ್ಚರದ ಗುರುತು ಹಾಕಿ.

ಯಾವ ಡೇಟಾಬೇಸ್ ಎನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ಜೋಡಿ ಹುಡುಕಲು ಕೆಂಬಲ್ ಸರಿಯಾದ ಜಾಗ, ಅಲ್ಲಿ ಪರೀಕ್ಷೆಯ ವಿವರ ಇರುತ್ತದೆ. ಅದರಲ್ಲಿ ಕೈರಾಲಿಟಿ ಎಂಬ ಅಂಕಣವೂ ಇದೆ: 0 ಅಂದರೆ ರೇಸಿಮಿಕ್, 1 ಅಂದರೆ ಒಂದೇ ರೂಪ, 2 ಅಂದರೆ ಕೈರಲ್ ಅಲ್ಲ. ಆದರೆ ಅದನ್ನು ತುಂಬಿರುವುದು ಔಷಧಿಗಳಿಗೆ, ಲ್ಯಾಬಿನ ಸಾಮಾನ್ಯ ಅಣುಗಳಿಗೆ ಅದನ್ನು ನೆಚ್ಚಬೇಡಿ. ಪಬ್‌ಕೆಮ್‌ನಲ್ಲಿ 10 ಕೋಟಿಗೂ ಹೆಚ್ಚು ಅಣುಗಳಿವೆ. ಅಲ್ಲಿ ಒಂದು ಅಣುವಿನ ಚಪ್ಪಟೆ ರೂಪ, ಆರ್, ಎಸ್ ಎಲ್ಲಕ್ಕೂ ಬೇರೆ ಬೇರೆ ಪುಟ. ಒಂದೇ ಅಸ್ಥಿಪಂಜರದ ಎಲ್ಲವನ್ನೂ ತೋರಿಸು ಎನ್ನುವ ಹುಡುಕಾಟ ಬಳಸಿದರೆ ಕೆಂಬಲ್‌ನಲ್ಲಿ ಒಂಟಿಯಾಗಿ ಕಂಡ ಅಣುವಿನ ಜೊತೆಗಾರ ಅಲ್ಲಿ ಸಿಗುವುದುಂಟು. ಜಿಂಕ್ ಎಂಬ ಡೇಟಾಬೇಸ್ ಇರುವುದು ಕೊಂಡುಕೊಳ್ಳಬಹುದಾದ ಅಣುಗಳಿಗೆ. ಯಾವ ರೂಪ ನಿಜವಾಗಿ ಆರ್, ಯಾವುದು ಎಸ್ ಎಂದು ಗಟ್ಟಿ ಸಾಕ್ಷಿ ಬೇಕಿದ್ದರೆ ಕೇಂಬ್ರಿಡ್ಜ್ ಸ್ಫಟಿಕ ರಚನೆಗಳ ಡೇಟಾಬೇಸ್‌ಗೆ ಹೋಗಿ, ಅಲ್ಲಿ ಸ್ಫಟಿಕದ ಎಡ-ಬಲ ಸರಿಯೇ ಎಂದು ಹೇಳುವ ಫ್ಲ್ಯಾಕ್ ಪ್ಯಾರಾಮೀಟರ್ ನೋಡಿ. ಸೊನ್ನೆಗೆ ಹತ್ತಿರ ಇದ್ದು ಅದರ ತಪ್ಪಿನ ಅಂಚೂ ಚಿಕ್ಕದಿದ್ದರೆ ಬರೆದ ರೂಪ ಸರಿ ಎಂದು ನೆಮ್ಮದಿಯಿಂದ ಇರಬಹುದು. ಪ್ರೋಟೀನ್ ಜೊತೆಗಿನ ರಚನೆ ಪ್ರೋಟೀನ್ ರಚನೆಗಳ ಡೇಟಾಬೇಸ್ ಆದ ಪಿಡಿಬಿಯಲ್ಲಿ ಇದ್ದರೆ ಇನ್ನೂ ಒಳ್ಳೆಯದು, ಆದರೆ ಅಣುವಿನ ಸುತ್ತಲಿನ ಎಲೆಕ್ಟ್ರಾನ್ ಸಾಂದ್ರತೆಯ ನಕ್ಷೆಯನ್ನೂ ತೆರೆದು ನೋಡಿ, ಅಲ್ಲೂ ತಪ್ಪು ರೂಪ ಕೂರಿಸಿದ ಉದಾಹರಣೆಗಳಿವೆ.

ಈಗ ನಿಮ್ಮ 50ಕ್ಕೆ ಬರೋಣ. ಪ್ರತಿಯೊಂದರ ಮೊದಲ 14 ಅಕ್ಷರ ತೆಗೆದು ಜೋಡಿಗಳ ಪಟ್ಟಿಯ ಜೊತೆ ತಾಳೆ ಹಾಕಿ. ಜೋಡಿ ಇರುವವು ಮೇಲೆ. ಅಣುವಿಗೆ ಜೋಡಿ ಇಲ್ಲದಿದ್ದರೂ ಅದೇ ಕೇಂದ್ರ, ಅದೇ ಸುತ್ತಮುತ್ತ ಇರುವ ಹತ್ತಿರದ ನೆಂಟನಿಗೆ ಜೋಡಿ ಇದ್ದರೆ ಅದು ಎರಡನೇ ಸಾಲು. ಚಪ್ಪಟೆ ಸಾಲಿನಿಂದ ಹುಟ್ಟಿ, ಡಾಕಿಂಗ್ ಬಿಟ್ಟು ಬೇರೆ ಯಾವ ಆಧಾರವೂ ಇಲ್ಲದವು ಕೊನೆಗೆ. ಒಂದು ಅಥವಾ ಎರಡು ಕೇಂದ್ರ ಇರುವ ಅಣುಗಳಿಗೆ ನಾನು ಆದ್ಯತೆ ಕೊಡುತ್ತೇನೆ. ಲವರಿಂಗ್ ಮತ್ತು ಜೊತೆಗಾರರು 2009ರಲ್ಲಿ ತೋರಿಸಿದಂತೆ, ಪ್ರಯೋಗದ ಹಂತಗಳನ್ನು ದಾಟಿ ಔಷಧಿಯಾದ ಅಣುಗಳಲ್ಲಿ ಕೈರಲ್ ಕೇಂದ್ರ ಇರುವವುಗಳ ಪಾಲು ಏರುತ್ತಾ ಹೋಗುತ್ತದೆ. ಹಾಗೆಂದು ಆರು ಕೇಂದ್ರಗಳಿದ್ದರೆ ಆರು ಪಟ್ಟು ಒಳ್ಳೆಯದು ಎಂದಲ್ಲ, 64 ರೂಪಗಳಲ್ಲಿ ಒಂದನ್ನೇ ಶುದ್ಧವಾಗಿ ಮಾಡುವ ಕಷ್ಟ ಯಾರಾದರೂ ಹೊರಬೇಕಲ್ಲ.

ಕೊನೆಗೆ ಮೂರೋ ನಾಲ್ಕೋ ಅಣು ಉಳಿದಾಗ ಎರಡೂ ರೂಪ ತರಿಸಿ, ಒಂದನ್ನೇ ತರಿಸಬೇಡಿ. ಬೇಡಿಕೆಯ ಮೇಲೆ ಮಾಡಿಕೊಡುವ ಅಣುಗಳಲ್ಲಿ ಎಷ್ಟೋ ರೇಸಿಮಿಕ್ ಆಗಿಯೇ, ಇಲ್ಲವೇ ಡಯಾಸ್ಟಿರಿಯೋಮರ್‌ಗಳ ಮಿಶ್ರಣವಾಗಿ ಬರುತ್ತವೆ, ಪಟ್ಟಿಯ ಚಿತ್ರದಲ್ಲಿ ಗೆರೆ ಏನೇ ಇರಲಿ. ಹಾಗಾಗಿ ಹಣ ಕೊಡುವ ಮೊದಲೇ, ಎರಡು ರೂಪಗಳನ್ನು ಕಾಲಂ ಎಂಬ ಕೊಳವೆಯಲ್ಲಿ ಹಾಯಿಸಿ ಬೇರ್ಪಡಿಸುವ ಕೈರಲ್ ಎಚ್‌ಪಿಎಲ್‌ಸಿಯ ನಕ್ಷೆ ಕೇಳಿ, ಎರಡು ಶಿಖರಗಳೂ ಬೇರೆ ಬೇರೆಯಾಗಿ ಕಾಣುವ ರೇಸಿಮಿಕ್ ನಕ್ಷೆಯ ಜೊತೆಗೆ. ರೇಸಿಮಿಕ್ ನಕ್ಷೆ ಇಲ್ಲದೆ ಬರೀ ಒಂದು ಶಿಖರ ತೋರಿಸಿದರೆ ಅದು ಶುದ್ಧ ರೂಪವೋ, ಆ ಕಾಲಂ ಎರಡನ್ನೂ ಬೇರ್ಪಡಿಸಲಿಲ್ಲವೋ ಹೇಳಲು ಆಗುವುದಿಲ್ಲ. ಪುಡಿ ಬಂದ ದಿನ ಒಮ್ಮೆ, ಪರೀಕ್ಷೆಯ ದ್ರಾವಣದಲ್ಲಿ ಒಂದು ರಾತ್ರಿ ಇಟ್ಟ ಮೇಲೆ ಇನ್ನೊಮ್ಮೆ ಅದೇ ಕಾಲಂನಲ್ಲಿ ಓಡಿಸಿ ನೋಡಿ. ಆ ಎರಡು ನಕ್ಷೆಗಳು ಒಂದೇ ಥರ ಬಂದರೆ ಅಳತೆ ಶುರು ಮಾಡಿ.